ಸೋದರತ್ತೆಗೆ ಪಗಾರವಿಲ್ಲ

ರೊಟ್ಟಿ ಬಡಿಯುವ ಹೆಂಗಸಿಗೆ ಪೇಸ್ಲಿಪ್ ಕೊಡಬೇಕು ಎಂಬ ಮಾತು ಕಿವಿಗೆ ಬಿದ್ದ ದಿನವೇ ಶಶಿಧರ ಅಪರಾಧಿಯಾಗಲು ತೀರ್ಮಾನಿಸಿದ. ಅಲ್ಲಿಯವರೆಗೆ ಅವನು ಕೆಂಪು ದೀಪ ಇದ್ದಾಗ ರಸ್ತೆ ಕೂಡ ದಾಟಿದವನಲ್ಲ.

ಮಾತು ಆಡಿದವನು ಅಕೌಂಟೆಂಟ್ ಚಕ್ರಪಾಣಿ. ವರ್ಷಕ್ಕೊಮ್ಮೆ ಟ್ಯಾಕ್ಸ್ ರಿಟರ್ನ್ ತುಂಬಲು ಸಿಡ್ನಿಯ ರೌಸ್ ಹಿಲ್‌ನಲ್ಲಿದ್ದ ಶಶಿಧರನ ಮನೆಗೆ ಬರುತ್ತಿದ್ದ. ಆ ಶನಿವಾರ ಎಣ್ಣೆಗಾಯಿಯ ಜೊತೆ ಎರಡು ಜೋಳದ ರೊಟ್ಟಿ ಮುಗಿಸಿ, ಮೂರನೆಯದರ ಮೇಲೆ ಕೆನೆಮೊಸರು ಸುರಿದುಕೊಳ್ಳುತ್ತಾ ಕೇಳಿದ:

"ಸಾರ್, ಒಳಗಿರೋ ಆಂಟಿ ಯಾರು? ಕೈ ಅಂದ್ರೆ ಕೈ. ರಿಲೇಟಿವಾ?"

"ಏ, ಇಲ್ರಿ. ದ್ಯಾಮವ್ವ ಅಂತ. ಕೆಲಸಕ್ಕ ಇಟ್ಕೊಂಡೀವಿ. ಮೆಲ್ಬರ್ನ್‌ನಿಂದ ಕರಕೊಂಡು ಬಂದೀವಿ."

"ವಾರಕ್ಕೆ ಎಷ್ಟು ಗಂಟೆ ಸಾರ್?"

"ಮೂವತ್ತೈದು."

ಚಕ್ರಪಾಣಿ ರೊಟ್ಟಿಯನ್ನು ಕೆಳಗಿಟ್ಟ. "ಹಾಗಾದ್ರೆ ನೀವು ಎಂಪ್ಲಾಯರ್ ಸಾರ್. ಟ್ಯಾಕ್ಸ್ ಆಫೀಸಲ್ಲಿ ರಿಜಿಸ್ಟರ್ ಆಗ್ಬೇಕು. ಪ್ರತಿ ಸಂಬಳದಲ್ಲೂ ಆಂಟಿ ಟ್ಯಾಕ್ಸ್ ಹಿಡಿದು ಕಟ್ಟಬೇಕು. ಮನೆಕೆಲಸ ವಾರಕ್ಕೆ ಮೂವತ್ತು ಗಂಟೆ ದಾಟಿದ್ರೆ ಸೂಪರ್ ಕೂಡ ಕಟ್ಟಬೇಕು. ಕೈ ಗಿಯ್ ಸುಟ್ಕೊಂಡ್ರೆ ಅಂತ ಇನ್ಶೂರೆನ್ಸು. ಆಮೇಲೆ ಪೇಸ್ಲಿಪ್ಪು."

"ರೊಟ್ಟಿಗೆ ಪೇಸ್ಲಿಪ್ಪಾ?"

"ರೊಟ್ಟಿಗಲ್ಲ ಸಾರ್, ಆಂಟಿಗೆ. ನೀವೇ ಪೇರೋಲ್ ಎಕ್ಸ್‌ಪರ್ಟು. ನಿಮಗೆ ನಾನು ಹೇಳ್ಬೇಕಾ?"

ಕೊನೆಯ ಮಾತು ನೆಟ್ಟಗೆ ಎದೆಗೆ ನಾಟಿತು. ಚಕ್ರಪಾಣಿ ಹೋದ ಮೇಲೆ ಶಶಿಧರ ಅರ್ಧ ತಾಸು ಹಿತ್ತಲಲ್ಲಿ ಸುತ್ತು ಹಾಕಿದ. ಹುಬ್ಬಳ್ಳಿ ಬಿಟ್ಟು ಬಂದು ಹದಿನೇಳು ವರ್ಷ. ನಾರ್ತ್ ಸಿಡ್ನಿಯಲ್ಲಿ, ಹದಿನಾಲ್ಕನೇ ಮಹಡಿಯ ಆಫೀಸಿನಲ್ಲಿ, ಅವನ ಕೆಲಸವೇ ಪೇರೋಲ್. ನಲವತ್ತು ಸಾವಿರ ನೌಕರರ ಟ್ಯಾಕ್ಸು, ಅವರ ಮುಪ್ಪಿಗೆಂದು ಮಾಲೀಕರು ಕಟ್ಟಬೇಕಾದ ಸೂಪರ್ ಹಣ, ಎಲ್ಲವೂ ತಪ್ಪದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅವನ ಕೈಯಲ್ಲಿತ್ತು. ಕಟ್ಟದ ಮಾಲೀಕರಿಗೆ ಸಿಡಿಮಿಡಿಯ ಪತ್ರ ಬರೆಯುತ್ತಿದ್ದವನೂ ಅವನೇ. ಈಗ ಅದೇ ಕಾಯ್ದೆ ಚಪ್ಪಲಿ ಕೂಡ ಬಿಡದೆ ಅವನ ಅಡುಗೆಮನೆಗೆ ನುಗ್ಗಿತ್ತು.

"ಕಟ್ಟಿ ಬಿಡ್ರಿ, ಅತ್ಲಾಗ" ಎಂದಳು ಹೆಂಡತಿ ಹೇಮಲತಾ. ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ದಿನವಿಡೀ ನಿಂತು ಬಂದವಳಿಗೆ ಬಿಸಿ ರೊಟ್ಟಿ ಸಿಕ್ಕರೆ ಯಾವ ಕಾಯ್ದೆಯೂ ಭಾರವಲ್ಲ.

"ಪ್ರಶ್ನೆ ರೊಕ್ಕದ್ದಲ್ಲ!" ಎಂದು ಶಶಿಧರ ಮೇಜು ಗುದ್ದಿದ. ಪ್ರಶ್ನೆ ರೊಕ್ಕದ್ದೇ ಆಗಿತ್ತು.

ಹಾಗೆಂದು ಅವನು ದಡ್ಡನಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುಂದಿನ ವರ್ಷ ಅವನು ಕಂಪ್ಲಯನ್ಸ್ ವಿಭಾಗದ ಮುಖ್ಯಸ್ಥನಾಗಬೇಕಿತ್ತು. ಅಂದರೆ ಉಳಿದವರು ಕಾಯ್ದೆ ಪಾಲಿಸುವಂತೆ ಕಾಯುವ ನಾಯಿ. ನಲವತ್ತು ಸಾವಿರ ಜನರ ಸೂಪರ್ ಕಾಯುವವನೇ ಮನೆಯ ಹೆಂಗಸಿನ ಸೂಪರ್ ನುಂಗಿದ ಎಂದು ಗೊತ್ತಾದರೆ ಇರುವ ಕೆಲಸವೂ ಹೋಗುತ್ತದೆ. ಆದ್ದರಿಂದ ಅಪರಾಧ ಮಾಡುವುದಾದರೆ ಪೂರ್ಣವಾಗಿ, ಚೊಕ್ಕವಾಗಿ, ತಜ್ಞನ ಕೈಯಿಂದ ಆಗಬೇಕಿತ್ತು.

ಮಂದಿ ಮಾಡುವ ಕಳ್ಳತನಗಳನ್ನೆಲ್ಲ ಅವನು ಒಂದೊಂದಾಗಿ ಪರೀಕ್ಷಿಸಿ ಬಿಸಾಕಿದ. ಕೈಯಲ್ಲಿ ನಗದು ಕೊಡುವುದು ಹುಡುಗಾಟಿಕೆ. ಒಂದಲ್ಲ ಒಂದು ದಿನ ಯಾರಾದರೂ ಬಾಯಿ ಬಿಡುತ್ತಾರೆ. ಆಕೆಯ ಹೆಸರಿನಲ್ಲಿ ವ್ಯಾಪಾರದ ನಂಬರ್ ತೆಗೆಸಿ ಗುತ್ತಿಗೆದಾರಳು ಎಂದು ತೋರಿಸುವುದು ಇನ್ನೂ ದೊಡ್ಡ ಹುಚ್ಚು. ಒಂದೇ ಮನೆಯಲ್ಲಿ, ಆ ಮನೆಯವರ ತವೆಯ ಮೇಲೆ, ಆ ಮನೆಯವರು ಹೇಳಿದಷ್ಟು ರೊಟ್ಟಿ ಬಡಿಯುವವಳು ಯಾವ ಗುತ್ತಿಗೆದಾರಳು? ಇಂಥ ಸುಳ್ಳುಗಳನ್ನು ಶಶಿಧರ ಆಫೀಸಿನಲ್ಲಿ ವಾರಕ್ಕೆ ಮೂರು ಹಿಡಿಯುತ್ತಿದ್ದ.

ದಾರಿ ತೋರಿಸಿದ್ದು ಚಕ್ರಪಾಣಿಯ ಮಾತೇ. ರಿಲೇಟಿವಾ?

ಮನೆಯ ಹಿರಿಯಳು ಮನೆಯಲ್ಲಿದ್ದುಕೊಂಡು ಎರಡು ರೊಟ್ಟಿ ಬಡಿದರೆ ಅದು ನೌಕರಿಯಲ್ಲ, ಪ್ರೀತಿ. ಪ್ರೀತಿಗೆ ಪೇಸ್ಲಿಪ್ ಇಲ್ಲ. ಆದರೆ ಯಾವ ಸಂಬಂಧ? ಬರಿದೆ ಆಂಟಿ ಎಂದರೆ ಆಗದು. ಈ ದೇಶದಲ್ಲಿ ನಮ್ಮವರಿಗೆ ಕಂಡ ಕಂಡ ಹೆಂಗಸರೆಲ್ಲ ಆಂಟಿ ಎಂಬುದು ಈಗ ಸರಕಾರಕ್ಕೂ ಗೊತ್ತಾಗಿದೆ. ರಕ್ತ ಸಂಬಂಧವೇ ಬೇಕು. ತಾಯಿ ಎನ್ನಲು ನಾಲಗೆ ಏಳಲಿಲ್ಲ. ಅಕ್ಕ ಎನ್ನಲು ಆಕೆಗೆ ಐವತ್ತೆಂಟು, ಇವನಿಗೆ ನಲವತ್ತಮೂರು. ಉಳಿದದ್ದು ಒಂದೇ: ಅಪ್ಪನ ತಂಗಿ. ಸೋದರತ್ತೆ. ಮದುವೆಯಾದ ಹೆಣ್ಣಿನ ಅಡ್ಡಹೆಸರು ಬೇರೆ ಇದ್ದೇ ಇರುತ್ತದೆ. ಆಧಾರ್ ಕಾರ್ಡಿನಲ್ಲೂ ಆಕೆಗೆ ಗಂಡನ ಹೆಸರೇ ಇತ್ತು. ಅಪ್ಪ ಅವ್ವ ತೀರಿಕೊಂಡಿದ್ದರು. ಅಪ್ಪನಿಗೆ ಅಣ್ಣತಮ್ಮ, ಅಕ್ಕತಂಗಿ ಯಾರೂ ಇರಲಿಲ್ಲ. ಇಲ್ಲ ಎನ್ನಲು ಯಾರೂ ಉಳಿದಿಲ್ಲ. ಚಕ್ರಪಾಣಿಗೆ, ಅಂದು ತಮಾಷೆಗೆ ಹಾಗಂದೆ ಎಂದರಾಯಿತು.

ಪಗಾರ ಕೊಡುವ ಬಗೆ ಹೊಳೆದಾಗ ಶಶಿಧರನಿಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು. ಸೋದರತ್ತೆ ಎಂದರೆ ಮನೆಮಗಳು. ತವರಿಗೆ ಬಂದ ಮನೆಮಗಳಿಗೆ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಬಸದ ಕಣ. ಜೊತೆಗೆ ಕೈಲಾದಷ್ಟು ರೊಕ್ಕ. ದ್ಯಾಮವ್ವನಿಗೆ ಶುಕ್ರವಾರಕ್ಕೊಮ್ಮೆ ಉಡಿ ತುಂಬುವುದು. ಕೊಬ್ಬರಿ ಬಟ್ಟಲಿನ ಕೆಳಗೆ ವಾರದ ಲಕೋಟೆ. ಇದು ಸಂಬಳವಲ್ಲ, ಸಂಸ್ಕೃತಿ. ಸಂಸ್ಕೃತಿಯ ಮೇಲೆ ಆಸ್ಟ್ರೇಲಿಯಾ ಸರಕಾರ ತೆರಿಗೆ ಹಾಕಿದರೆ ಹಾಕಲಿ, ನೋಡೋಣ!

ಆದರೆ ಕಾಗದವಿಲ್ಲದ ಸುಳ್ಳು ಬರಿಯ ಬಡಾಯಿ. ಪೇರೋಲಿನವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಊರಿನ ಕಂದಾಯ ಕಚೇರಿಯಿಂದ ವಂಶಾವಳಿ ಬೇಕು: ಅಜ್ಜ ಶಂಭುಲಿಂಗಪ್ಪ, ಆತನಿಗೊಬ್ಬ ಮಗ, ಒಬ್ಬಳು ಮಗಳು. ಮಗಳ ಹೆಸರು ದ್ಯಾಮವ್ವ. ಕೆಳಗೆ ದುಂಡನೆಯ ಸರಕಾರಿ ಶಿಕ್ಕೆ.

ಇದಕ್ಕೆ ದ್ಯಾಮವ್ವನ ಗಂಡನ ಒಪ್ಪಿಗೆ ಬೇಕಿತ್ತು. ಬಸವಣ್ಣೆಪ್ಪ ಮೆಲ್ಬರ್ನ್‌ನ ವೆರಿಬೀಯಲ್ಲಿ ಮಗ ಯೋಗೀಶನ ಮನೆಯಲ್ಲಿದ್ದರು. ಗಂಡ ಹೆಂಡತಿ ಇಬ್ಬರಿಗೂ ಈ ದೇಶದಲ್ಲಿ ಕಾಯಂ ಇರುವ ಪರವಾನಗಿ, ಪಿಆರ್, ಇತ್ತು. ದ್ಯಾಮವ್ವ ಕೆಲಸಕ್ಕೆ ಹೊರಟದ್ದು ಬಡತನದಿಂದಲ್ಲ, ಸೊಸೆಯಿಂದ. ಬಿಳಿ ಕಲ್ಲಿನ ಹೊಸ ಅಡುಗೆಮನೆಯಲ್ಲಿ ಹಿಟ್ಟು ಹಾರುತ್ತದೆ ಎಂದು ಸೊಸೆ ರೊಟ್ಟಿ ಬಡಿಯುವುದನ್ನು ನಿಷೇಧಿಸಿದ್ದಳು. "ರೊಟ್ಟಿ ಬಡಿಯದ ಕೈ ಜೋಮು ಹಿಡಿತಾವ" ಎಂದು ಆಕೆ ಸಿಡ್ನಿಯ ವಿಮಾನ ಹತ್ತಿದ್ದಳು.

ಶಶಿಧರ ಒಂದು ಭಾನುವಾರ ವೆರಿಬೀಗೆ ಹೋದ. ಬಸವಣ್ಣೆಪ್ಪ ಸಣಕಲು ಮನುಷ್ಯ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕಾಲಲ್ಲಿ ಮಗನ ಹಳೇ ಬೂಟು. ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿದರು. ಸೋಫಾದ ಮೇಲೆ ನಿದ್ದೆ ಹೋದರೇನೋ ಎಂದು ಶಶಿಧರ ಎರಡು ಸಲ ಕೆಮ್ಮಿದ.

"ನನ್ನ ಹೇಣ್ತೀನ ನಿಮ್ಮ ಮನಿ ಮಗಳ ಮಾಡ್ಕೋತೀರಿ. ಹಂಗಾದ್ರ ನಾ ನಿಮಗೇನಾದೆ?"

"ಮಾವ ಆಗ್ತೀರಿ."

"ಮತ್ತ, ಮಾವ ಅನ್ರಿ."

"ಮಾವ."

"ಹಾಂ" ಎಂದು ಬಸವಣ್ಣೆಪ್ಪ ಕಣ್ಣು ತೆರೆದರು. "ಖರೇ ಹೇಳ್ಲ್ಯಾ? ವಂಶಾವಳಿ ಅದೂ ಇದೂ ಬ್ಯಾಡ್ರಿ. ಬಾಯಿಲೆ ಅತ್ತಿ ಅಂದ್ರ ಸಾಲ್ದನ? ಸರಕಾರಿ ಕಾಗದ ಚಲೋ ಅಲ್ಲ. ಒಮ್ಮೆ ಬರದ್ರ ಅಳಸಾಕ ಬರಂಗಿಲ್ಲ."

ಹಳ್ಳಿಯ ಮುದುಕನ ಅಂಜಿಕೆ ಕಂಡು ಶಶಿಧರನಿಗೆ ನಗು ಬಂತು. ಕಾಗದ ಬೇಕೇ ಬೇಕು ಎಂದು ಹಟ ಹಿಡಿದ. ದಾಖಲೆ ಎಂದರೇನು, ಪುರಾವೆ ಎಂದರೇನು, ಅಧಿಕಾರಿಗಳ ತಲೆ ಹೇಗೆ ಓಡುತ್ತದೆ ಎಂದು ಮುಕ್ಕಾಲು ತಾಸು ಉಪದೇಶ ಮಾಡಿದ. ಬಸವಣ್ಣೆಪ್ಪ ಶಾಲೆಯ ಹುಡುಗನಂತೆ ತಲೆಯಾಡಿಸುತ್ತ ಕೇಳಿ, ಕೊನೆಗೆ ಹಣೆ ಒರೆಸಿಕೊಂಡರು.

"ಇಷ್ಟು ಒತ್ತಾಯ ಮಾಡಾಕತ್ತೀರಿ. ಆತು. ಊರಾಗ ಒಬ್ಬಿಬ್ರು ಪರಿಚಯದವರು ಅದಾರ, ಕೇಳ್ತೀನಿ. ಆದ್ರ ಅಫಿಡವಿಟ್ ನಿಮ್ಮ ಕೈಲೇ ಆಗಬೇಕು ಮತ್ತ. ಈಕಿ ನಮ್ಮಪ್ಪನ ಖಾಸ ಒಡಹುಟ್ಟಿದ ತಂಗಿ ಅಂತ. ನಾ ಸುಳ್ಳ ಬರದವ ಅಲ್ಲ."

ಶಶಿಧರ ಅಫಿಡವಿಟ್‌ಗೆ ಸಹಿ ಮಾಡಿದ. ಮೂರು ಪ್ರತಿ. ಎರಡು ತಿಂಗಳಲ್ಲಿ ವಂಶಾವಳಿ ಬಂತು. ಶಿಕ್ಕೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನಿಗೆ ಒಂದು ಕ್ಷಣ ಅಜ್ಜನ ಮೇಲೆಯೇ ಸಂಶಯ ಬಂತು.

ಸಮಾಧಾನವಾಗದಿದ್ದವಳು ದ್ಯಾಮವ್ವ ಒಬ್ಬಳೇ. "ಸಾಹೇಬ್ರ, ನನಗ ಪಗಾರ ಚೀಟಿ ಸಿಗ್ತೈತಿ ಅಂದ್ಕೊಂಡಿದ್ದೆ. ವೆರಿಬೀದಾಗ ನಮ್ಮ ಓಣಿ ಹೆಣಮಕ್ಕಳು ನನಗ ಸೂಪರ್ ಐತಿ, ನನಗ ಸೂಪರ್ ಐತಿ ಅಂತ ಮೆರಿತಾರ. ನನಗಿಲ್ಲನು?"

"ಅತ್ತಿಗೆ ಯಾರರ ಪಗಾರ ಕೊಡ್ತಾರೇನು? ಮಂದಿ ನಗ್ತಾರ. ಇನ್ನ ಮ್ಯಾಲೆ ಸಾಹೇಬ್ರ ಅನಬ್ಯಾಡ್ರಿ. ಹೆಸರು ಹಿಡದು ಕರೀರಿ. ರೂಢಿ ಆಗಬೇಕು."

ದ್ಯಾಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಂತಿ? ಆತು. ಲೇ ಶಶ್ಯಾ, ಆ ತವಿ ಈಕಡೆ ಕೊಡು."

ರೂಢಿ ಆಗಲು ನಾಲ್ಕು ಸೆಕೆಂಡ್ ಸಾಕಾಗಿತ್ತು.

ಮೊದಲ ಉಡಿಯ ಫೋಟೋವನ್ನು ಶಶಿಧರ ತಾನೇ ತೆಗೆದ. ಹೇಮಲತಾ ಸೇರಿನಿಂದ ಅಕ್ಕಿ ಹಾಕುತ್ತಿದ್ದಾಳೆ, ದ್ಯಾಮವ್ವ ಸೆರಗೊಡ್ಡಿ ಕೂತಿದ್ದಾಳೆ, ಕೊಬ್ಬರಿಯ ಕೆಳಗೆ ಲಕೋಟೆಯ ಮೂಲೆ ಕೂಡ ಕಾಣುವುದಿಲ್ಲ. ಪುರಾವೆಗೆಂದು ಪ್ರತಿ ಶುಕ್ರವಾರ ಒಂದು ಫೋಟೋ, ತಾರೀಖಿನ ಸಮೇತ. ಹದಿನೈದು ವರ್ಷದ ಮಗಳು ಕೃಪಾ ಕನ್ನಡ ಚೆನ್ನಾಗಿ ತಿಳಿಯುತ್ತಿದ್ದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವಳು ಬಾಗಿಲಲ್ಲಿ ನಿಂತು, "ಡ್ಯಾಡ್, ದಿಸ್ ಈಸ್ ಸೋ ಇಲ್ಲೀಗಲ್" ಎಂದಳು. "ಇದು ಸಂಸ್ಕೃತಿ!" ಎಂದು ಶಶಿಧರ ಗುಡುಗಿದ.

ಯೋಜನೆ ಗಡಿಯಾರದಂತೆ ನಡೆಯಿತು. ಸಣ್ಣಪುಟ್ಟ ತೊಡಕುಗಳನ್ನು ಅವನು ತೊಡಕು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಸೋದರತ್ತೆ ಬಂದಿದ್ದಾಳೆ ಎಂಬ ಸುದ್ದಿ ಹಬ್ಬಿ, ಸುತ್ತಲಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಮಂದಿ ಮಾತಾಡಿಸಲು ಬಂದರು. ಎಲ್ಲರೂ ಆಕೆಯ ಕಾಲಿಗೆ ಬಿದ್ದರು. ನಾಲ್ಕು ಜನರ ಎದುರು ಶಶಿಧರನೂ ಬೀಳಬೇಕಾಯಿತು. ದ್ಯಾಮವ್ವ ಅವನ ತಲೆಯ ಮೇಲೆ ಕೈಯಿಟ್ಟು, "ಶ್ಯಾಣ್ಯಾ ಆಗು" ಎಂದಳು.

ಊಟ ಮುಗಿದು ಆಕೆ ಪಾತ್ರೆಗೆ ಕೈ ಹಚ್ಚಿದಾಗ ಹೇಮಲತಾಳ ಗೆಳತಿ ತೇಜಸ್ವಿನಿ ಬಾಯಿ ಬಡಿದುಕೊಂಡಳು. "ಏನ್ರೀ ಶಶಿಧರ್! ವಯಸ್ಸಾದ ಅತ್ತೆ ಕೈಲಿ ಪಾತ್ರೆ ತೊಳೆಸ್ತೀರಾ? ನಾಚಿಕೆ ಆಗಲ್ವಾ?" ತೊಳೆಸುವುದೂ ಇಲ್ಲ, ಎಂದೂ ತೊಳೆಸಿಲ್ಲ ಎಂದು ತೋರಿಸಲು ಶಶಿಧರ ತೋಳು ಮಡಚಿದ. ಅಂದಿನಿಂದ ಮನೆಗೆ ಯಾರಾದರೂ ಬಂದಾಗಲೆಲ್ಲ ಪಾತ್ರೆ ಅವನದಾಯಿತು. ರೌಸ್ ಹಿಲ್‌ನಲ್ಲಿ ಯಾರಾದರೂ ಬರದ ದಿನವೇ ಇರಲಿಲ್ಲ. ಆಮೇಲೆ ಕಸ. ಆಮೇಲೆ ಬಚ್ಚಲು. ಮಂಡಿ ನೋಯುತ್ತದೆ ಎಂದು ದ್ಯಾಮವ್ವ ಒಂದು ವಾರ ಕೂತಳು. ಕೂತದ್ದು ಹಿತವಾಗಿ ಅದನ್ನೇ ಮುಂದುವರಿಸಿದಳು. ಮನಸ್ಸು ಬಂದ ದಿನ ರೊಟ್ಟಿ, ಬಾರದ ದಿನ "ಶಶ್ಯಾ, ಅನ್ನಕ್ಕ ಇಡು."

ಮನಸ್ಸು ಬಂದ ದಿನದ ರೊಟ್ಟಿಯೇನೋ ಹೂವಿನಂತಿರುತ್ತಿತ್ತು. ಅದಕ್ಕೇ ಹೇಮಲತಾ ತುಟಿ ಬಿಚ್ಚಲಿಲ್ಲ. ಬೇರೆ ದಿನ ಮಾಡುವವನು ಗಂಡ ಎಂಬುದೂ ಒಂದು ಕಾರಣವಿರಬಹುದು.

ನಾಗರ ಪಂಚಮಿ ಬಂತು. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವ ಹಬ್ಬ.

"ಜೋಕಾಲಿ ಎಲ್ಲೈತಿ?" ಎಂದಳು ದ್ಯಾಮವ್ವ.

"ಇಲ್ಲಿ ಗಿಡ ಇಲ್ಲ, ಅತ್ತಿ. ಮತ್ತ ಇಲ್ಲಿ ಈಗ ಥಂಡಿಗಾಲ."

"ತವರಮನ್ಯಾಗ ಜೋಕಾಲಿ ಇಲ್ಲದ ಪಂಚಮಿ ಏನೋ? ಅಪ್ಪ ಇದ್ದಿದ್ರ ಹಿಂಗ ಆಗ್ತಿತ್ತೇನು?" ಎಂದು ಆಕೆ ಬರಿಯ ಕಾಗದದ ಮೇಲಿದ್ದ ಅಪ್ಪನನ್ನು ನೆನೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಶಶಿಧರ ಹಿತ್ತಲ ಚಪ್ಪರದ ತೊಲೆಗೆ ಹಗ್ಗ ಬಿಗಿದ. ಕೊರೆಯುವ ಚಳಿಯಲ್ಲಿ, ಇಳಕಲ್ ಸೀರೆಯ ಮೇಲೆ ಹೇಮಲತಾಳ ದಪ್ಪ ಜಾಕೀಟು ತೊಟ್ಟು ದ್ಯಾಮವ್ವ ಜೀಕಿದಳು. ಶಶಿಧರ ಹಿಂದಿನಿಂದ ದೂಡಿದ. ಪಕ್ಕದ ಮನೆಯ ಬಿಳಿಯ ಮುದುಕ ಬೇಲಿಯ ಮೇಲಿಂದ ನೋಡಿ ಚಪ್ಪಾಳೆ ತಟ್ಟಿದ. ಈ ಫೋಟೋ ಎಲ್ಲಕ್ಕಿಂತ ಗಟ್ಟಿ ಪುರಾವೆ ಎಂದು ಶಶಿಧರ ಅದನ್ನು ಬೇರೆಯಾಗಿ ತೆಗೆದಿಟ್ಟ.

ಅದು ಕೆಲಸಕ್ಕೆ ಬಂತು. ಒಂದು ತಿಂಗಳಲ್ಲಿ ಟ್ಯಾಕ್ಸ್ ಆಫೀಸಿನಿಂದ ಪತ್ರ. ನಿಮ್ಮ ಮನೆಯಲ್ಲಿ ನೌಕರಳೊಬ್ಬಳು ಇದ್ದಾಳೆಂದು ಮಾಹಿತಿ ಬಂದಿದೆ, ನೀವು ಎಂಪ್ಲಾಯರ್ ಎಂದು ನೋಂದಾಯಿಸಿಲ್ಲ, ವಿವರ ಕೊಡಿ. ಯಾರು ಚಾಡಿ ಹೇಳಿದರೋ ಗೊತ್ತಾಗಲಿಲ್ಲ. ಶಶಿಧರ ಕಾಯುತ್ತಿದ್ದದ್ದೇ ಈ ಪತ್ರಕ್ಕೆ. ವಂಶಾವಳಿ, ಅದರ ಇಂಗ್ಲಿಷ್ ಅನುವಾದ, ಅಫಿಡವಿಟ್, ಮೂವತ್ತೊಂದು ಉಡಿಯ ಫೋಟೋ, ಒಂದು ಜೋಕಾಲಿಯ ಫೋಟೋ, ಉಡಿಯೆಂದರೇನು ಎಂದು ತಿಳಿಸುವ ಎರಡು ಪುಟದ ಟಿಪ್ಪಣಿ. ಎಲ್ಲವನ್ನೂ ಪುಟದ ನಂಬರ್ ಹಾಕಿ ಕಳಿಸಿದ.

ಒಬ್ಬ ಅಧಿಕಾರಿಣಿ ವಿಡಿಯೋ ಕಾಲ್‌ನಲ್ಲಿ ದ್ಯಾಮವ್ವನೊಂದಿಗೆ ಮಾತಾಡಬೇಕೆಂದಳು. ಮನೆಯೊಡೆಯ ಬಿಟ್ಟು ಬೇರೆ ಯಾರಾದರೂ ಅನುವಾದಿಸಲಿ ಎಂದಾಗ ಕೃಪಾ ಕೂತಳು. ಶಶಿಧರ ಅಂಜಿದ್ದು ಆಗ ಮಾತ್ರ. ಮಗಳಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಅವನು ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟ. ಸುಮ್ಮನೆ ನಿಲ್ಲಲಾಗದೆ ಮಧ್ಯಾಹ್ನದ ಪಾತ್ರೆ ತಿಕ್ಕತೊಡಗಿದ.

ಈ ಮನೆಯಲ್ಲಿ ನೀವು ಏನೇನು ಕೆಲಸ ಮಾಡುತ್ತೀರಿ ಎಂದು ಅಧಿಕಾರಿಣಿ ಕೇಳಿದಳು. ಕೃಪಾ ಕನ್ನಡದಲ್ಲಿ ತಡವರಿಸಿ ಕೇಳಿದಳು.

"ನಾ ಯಾಕ ಮಾಡ್ಲಿ?" ಎಂದಳು ದ್ಯಾಮವ್ವ, ಮನಸ್ಸಿಗೆ ನೋವಾದವಳಂತೆ. "ನಾ ಈ ಮನಿ ಮಗಳು. ಕೆಲಸಕ್ಕ ಶಶ್ಯಾ ಅದಾನಲ್ಲ. ಕಸಾ ಅವನ ಹೊಡಿತಾನ, ಭಾಂಡೆ ಅವನ ತಿಕ್ಕತಾನ. ಕೇಳಸವಲ್ದನು, ತಿಕ್ಕಾಕತ್ತಾನ ನೋಡು."

ಕೃಪಾ ಒಂದಕ್ಷರ ಬಿಡದೆ ಅನುವಾದಿಸಿದಳು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಫೋನು ಅಡುಗೆಮನೆಯತ್ತ ತಿರುಗಿತು. ಮೊಣಕೈವರೆಗೆ ನೊರೆ ಮೆತ್ತಿಕೊಂಡು ನಿಂತ ಮನೆಯೊಡೆಯನನ್ನು ಕಂಡು ಅಧಿಕಾರಿಣಿ ನಕ್ಕಳು. ಎರಡು ವಾರದ ನಂತರ ಪತ್ರ ಬಂತು: ಇಲ್ಲಿ ನೌಕರಿಯ ಸಂಬಂಧ ಕಂಡುಬಂದಿಲ್ಲ, ಮುಂದಿನ ಕ್ರಮವಿಲ್ಲ.

ಶಶಿಧರ ಆ ಪತ್ರವನ್ನು ಏಳು ಸಲ ಓದಿದ. ಅದೇ ತಿಂಗಳು ಕಂಪ್ಲಯನ್ಸ್ ವಿಭಾಗದ ಮುಖ್ಯಸ್ಥನ ಕುರ್ಚಿಯೂ ಸಿಕ್ಕಿತು. ಮೊದಲ ದಿನದ ಭಾಷಣದಲ್ಲಿ, ಪ್ರಾಮಾಣಿಕತೆ ಮನೆಯಿಂದ ಶುರುವಾಗಬೇಕು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ.

ಗೆದ್ದವನಿಗೆ ಎಲ್ಲ ಕಡೆಯಿಂದಲೂ ಬರುತ್ತದೆ. ಊರಿನ ವಕೀಲ ಪಂಚಾಕ್ಷರಯ್ಯ ಫೋನ್ ಮಾಡಿ, ಅಜ್ಜನ ಆರು ಎಕರೆ ಹೊಲಕ್ಕೆ ಗಿರಾಕಿ ಬಂದಿದೆ ಎಂದರು. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಪಕ್ಕದಲ್ಲಿ ದೊಡ್ಡ ರಸ್ತೆ ಬಂದಿತ್ತು. ಗಿರಾಕಿ ಹೇಳಿದ ಬೆಲೆ ಕೇಳಿ ಶಶಿಧರ ಕುರ್ಚಿಯಿಂದ ಎದ್ದು ನಿಂತ. ರೌಸ್ ಹಿಲ್ ಮನೆಯ ಮಾರ್ಟ್‌ಗೇಜ್ ಒಂದೇ ಏಟಿಗೆ ತೀರುತ್ತಿತ್ತು. ಅಜ್ಜನಿಗೆ ಒಬ್ಬನೇ ಮಗ, ಮಗನಿಗೆ ಒಬ್ಬನೇ ಮಗ, ಪಾಲು ಕೇಳಲು ನಾಯಿಯೂ ಇಲ್ಲ ಎಂದು ಅವನು ಹೇಮಲತಾಳಿಗೆ ಹೇಳಿ, ಅಂದು ಪಾತ್ರೆಗಳನ್ನು ಸಿಳ್ಳೆ ಹಾಕುತ್ತಾ ತೊಳೆದ.

ಶನಿವಾರ ಬೆಳಗ್ಗೆ ಪಂಚಾಕ್ಷರಯ್ಯನವರ ಎರಡನೇ ಫೋನ್ ಬಂತು.

"ಶಶಿಧರ, ಕಾಗದಾ ಎಲ್ಲಾ ತಯಾರ್ ಅದಾವ, ಕಳಿಸೀನಿ. ನಿನ್ನ ಸಹಿ, ಮತ್ತ ನಿಮ್ಮ ಅತ್ತೀದು."

"ಯಾವ ಅತ್ತಿ?"

"ಏ, ದ್ಯಾಮವ್ವಾರು! ಹೊಲ ಮಾರಾಕಂತ ಕಚೇರಿಯಿಂದ ವಂಶಾವಳಿ ತಗಸಿದೆ, ಅದರಾಗ ಅವರ ಹೆಸರೈತಿ. ಅಜ್ಜನ ಹೊಲದಾಗ ಮಗನಿಗೆಷ್ಟೋ ಮಗಳಿಗೂ ಅಷ್ಟ. ಅರ್ಧ ನಿಂದು, ಅರ್ಧ ಅವರದು. ಅವರ ಸಹಿ ಇಲ್ಲದ ಗೇಣು ಹೊಲ ಮಾರಾಕ ಬರ್ದು. ನಿನಗ ಅತ್ತಿ ಅದಾರ ಅಂತ ನನಗ ಗೊತ್ತಿರಲಿಲ್ಲಪಾ. ಚಲೋ ಆತು."

ಶಶಿಧರ ಕೋಣೆಯ ಬಾಗಿಲು ಹಾಕಿಕೊಂಡ. "ಆ ಕಾಗದ ಸುಳ್ಳು ಅಂತ ಬರಕೊಟ್ರ? ಇಲ್ಲಿ ಸರಕಾರಕ್ಕೂ ಅದನ್ನ ಕೊಟ್ಟೀನಿ."

"ಹುಚ್ಚದಿಯೇನು? ಅದಕ್ಕ ನಿಂದ ಅಫಿಡವಿಟ್ ಐತಿ. ಸುಳ್ಳು ಪ್ರಮಾಣ ಅಂತ ಕೇಸ್ ಆಗ್ತೈತಿ. ಅಲ್ಲಿ ಸರಕಾರಕ್ಕೂ ಕೊಟ್ಟೀನಿ ಅಂತಿ, ಅವರೂ ಕೇಳ್ತಾರ ಮತ್ತ."

ಕೇಳುತ್ತಾರೆ. ಕೇಳಿದರೆ ಕುರ್ಚಿ ಹೋಗುತ್ತದೆ, ಕೆಲಸ ಹೋಗುತ್ತದೆ, ಮೇಲೆ ದಂಡ. ಕೇಳದಂತೆ ಬಾಯಿ ಮುಚ್ಚಿಕೊಂಡರೆ ಮೂರು ಎಕರೆ ಹೋಗುತ್ತದೆ. ಮೂರು ಎಕರೆಯ ಬೆಲೆಯಲ್ಲಿ ದ್ಯಾಮವ್ವನಿಗೆ ಇನ್ನೂರು ವರ್ಷ ಸೂಪರ್ ಕಟ್ಟಬಹುದಿತ್ತು. ಲೆಕ್ಕದಲ್ಲಿ ಪಳಗಿದ ತಲೆ ಇದನ್ನು ಅರ್ಧ ನಿಮಿಷದಲ್ಲಿ ಕೂಡಿ ಕಳೆದು ಮುಂದಿಟ್ಟಿತು.

ಅವನು ಹಿತ್ತಲಿಗೆ ಓಡಿದ. ಬಸವಣ್ಣೆಪ್ಪ ಹಿಂದಿನ ದಿನವಷ್ಟೇ ಮೆಲ್ಬರ್ನ್‌ನಿಂದ ಬಂದಿದ್ದರು. ಗಂಡ ಹೆಂಡತಿ ಜೋಕಾಲಿಯ ಮೇಲೆ ಒತ್ತೊತ್ತಾಗಿ ಕೂತು ಚಹಾ ಕುಡಿಯುತ್ತಿದ್ದರು.

"ಅತ್ತಿ" ಎಂದ ಶಶಿಧರ. "ಆ ಹೊಲ..."

"ಗೊತ್ತೈತೋ ಶಶ್ಯಾ. ಅಳಬ್ಯಾಡ" ಎಂದಳು ದ್ಯಾಮವ್ವ ಅಂತಃಕರಣದಿಂದ. "ನಿನ್ನ ಅರ್ಧ ನೀ ತಗೋ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಅರ್ಧ ನನ್ನ ಸೂಪರ್ ಅಂತ ತಿಳ್ಕೋತೀನಿ."

ಬಸವಣ್ಣೆಪ್ಪ ಚಹಾದ ಕಪ್ಪು ಕೆಳಗಿಟ್ಟು, ಶಶಿಧರನ ಫೋನ್ ಇಸಿದುಕೊಂಡು, ಕನ್ನಡಕ ಏರಿಸಿ ವಕೀಲರು ಕಳಿಸಿದ ಕಾಗದ ಓದಿದರು. ಓದುವಾಗ ಅವರ ಕಣ್ಣು ಎಲ್ಲಿಯೂ ತಡವರಿಸಲಿಲ್ಲ. ಎರಡನೇ ಪುಟದಲ್ಲಿ ಹೊಲದ ಸರ್ವೆ ನಂಬರ್ ತಪ್ಪಿದೆ, ಪೂರ್ವದ ಚಕ್ಕುಬಂದಿಯಲ್ಲಿ ಹಳ್ಳ ಬಿಟ್ಟುಹೋಗಿದೆ, ತಿದ್ದಿಸು ಎಂದರು. ಚಹಾ ಮುಗಿಯುವ ಮೊದಲೇ, ಆ ಊರಿನ ಹೊಲಗಳ ಪಟ್ಟಿಯನ್ನು ದೇವರ ನಾಮದಂತೆ ಬಾಯಿಪಾಠ ಒಪ್ಪಿಸಿದರು. ಟ್ಯಾಕ್ಸು, ಸೂಪರು, ಇನ್ಶೂರೆನ್ಸು, ಉಡಿ, ಎಲ್ಲವನ್ನೂ ಶಶಿಧರ ವಿಚಾರ ಮಾಡಿದ್ದ. ಅತ್ತೆಯ ಗಂಡ ಈ ದೇಶಕ್ಕೆ ಬರುವ ಮುನ್ನ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಮೂವತ್ತೊಂದು ವರ್ಷ ಅವರು ಅದೇ ಸೀಮೆಯ ಸರಕಾರಿ ತಲಾಟಿಯಾಗಿದ್ದರು. ಯಾರು ಯಾರ ಮಕ್ಕಳು, ಯಾವ ಹೊಲಕ್ಕೆ ಯಾರು ವಾರಸುದಾರರು ಎಂದು ಬರೆಯುವುದೇ ಅವರ ನೌಕರಿಯಾಗಿತ್ತು.